ಮೂರು ಎಡ, ಒಂದು ಬಲ

ಆ ಬಡಾವಣೆಯಲ್ಲಿ ಕಾರನ್ನು ಬಲಕ್ಕೆ ತಿರುಗಿಸಬಲ್ಲವರು ಒಬ್ಬರೂ ಇರಲಿಲ್ಲ. ತಮಾಷೆಗೆ ಹೇಳುವ ಮಾತಲ್ಲ. ಒಂದು ಮಗ್ಗುಲಿಗೆ ಹೆದ್ದಾರಿ ಗೋಡೆಯ ಹಾಗೆ ಅಡ್ಡಡ್ಡ ಬಿದ್ದುಕೊಂಡಿತ್ತು. ಒಳಗಿನ ಬೀದಿಗಳೋ, ನಡುವಿನ ಉದ್ಯಾನವನ್ನು ಸುತ್ತುವ ಏಕಮುಖ ರಸ್ತೆಗಳು. ಮನೆಯಿಂದ ಹೊರಟವರು ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ ಹೆದ್ದಾರಿ ಸೇರಿ, ದೂರದ ಮೇಲ್ಸೇತುವೆಯ ಬಳಿ ಇನ್ನೊಮ್ಮೆ ಎಡಕ್ಕೆ ಹೊರಳಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಮೇಲೆ ಹತ್ತಿ ಆಚೆ ಬದಿಗೆ ಇಳಿಯಬೇಕು. ಮಹಡಿಯಿಂದ ಕೈಗೆಟುಕುವಂತೆ ಕಾಣುವ ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ, ಮಾರುಕಟ್ಟೆಗೆ ಇದೊಂದೇ ದಾರಿ. ಎಲ್ಲರಿಗೂ ಒಂದೇ ದಾರಿಯಾದರೆ ಏನಾಗಬೇಕೋ ಅದು ದಿನವೂ ಆಗುತ್ತಿತ್ತು. ಬೆಳಗಿನ ಸಾಲಿನಲ್ಲಿ ನಿಂತ ಕಾರುಗಳಲ್ಲಿ ಗಡ್ಡ ಬೋಳಿಸಿಕೊಳ್ಳುವವರಿದ್ದರು, ಮಕ್ಕಳಿಗೆ ಮಗ್ಗಿ ಒಪ್ಪಿಸಿಕೊಳ್ಳುವವರಿದ್ದರು. ಒಬ್ಬ ದರ್ಜಿಯಂತೂ ಗಿರಾಕಿಗಳ ಅಂಗಿಗೆ ಗುಂಡಿ ಹೊಲಿಯುವ ಕೆಲಸವನ್ನೆಲ್ಲ ಅಲ್ಲಿಗೇ ಮೀಸಲಿಟ್ಟಿದ್ದ.

ಇವರೆಲ್ಲರಿಗೂ ಕಾರು ಕಲಿಸಿದವರು ಒಬ್ಬರೇ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವರ ಪಾಠದಲ್ಲಿ ಬಲತಿರುವು ಇರಲಿಲ್ಲ. ಯಾರಾದರೂ ಕೇಳಿದರೆ, "ಬಲಕ್ಕೆ ಯಾಕ್ರೀ ಹೋಗ್ಬೇಕು? ಮೂರು ಸಲ ಎಡಕ್ಕೆ ತಿರುಗಿದ್ರೆ ಒಂದು ಸಲ ಬಲಕ್ಕೆ ತಿರುಗಿದ ಹಾಗೇ ಅಲ್ವಾ?" ಎನ್ನುತ್ತಿದ್ದರು. ರೇಖಾಗಣಿತ ಅವರ ಕಡೆಗೇ ಇತ್ತು. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರ್ ಸಹ ಅವರ ಹಳೆಯ ಶಿಷ್ಯನೇ ಆದ್ದರಿಂದ ಪರೀಕ್ಷೆಯಲ್ಲೂ ಆ ಪ್ರಶ್ನೆ ಏಳಲಿಲ್ಲ.

ಕೊನೆಗೆ ಈ ರೇಖಾಗಣಿತಕ್ಕೆ ಕೈ ಹಚ್ಚಿದ್ದು ಅವರ ಮಗಳೇ. ರಸ್ತೆ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಅವಳು, ಮೇಲಿನವರ ಬೆನ್ನು ಬಿದ್ದು, ಹೆದ್ದಾರಿಯ ಅಡಿಯಲ್ಲಿ ಒಂದು ಅಂಡರ್‌ಪಾಸ್ ಕೊರೆಸಿ, ಅದರ ಬಾಯಿಯ ಮುಂದಿನ ರಸ್ತೆಯನ್ನು ದ್ವಿಮುಖ ಮಾಡಿಸಿ ಸಿಗ್ನಲ್ ಹಾಕಿಸಿದಳು. ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿ ಒಳಹೊಕ್ಕರೆ, ಕಾರಿನ ರೇಡಿಯೋದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಆಚೆ. ಸದ್ಯಕ್ಕೆ ಪರೀಕ್ಷೆಗೆಂದು ತೆರೆದಿದ್ದರು. ಜನ ಬಂದರು, ನಿಂತರು, ಅಂಡರ್‌ಪಾಸನ್ನು ಕಣ್ತುಂಬ ನೋಡಿದರು, ಮೆಚ್ಚಿದರು, ಆಮೇಲೆ ಎಡಕ್ಕೆ ತಿರುಗಿ ಹೋದರು. ಹೀಗೆ ನಿಂತು ಮೆಚ್ಚುವವರಿಂದಾಗಿ ಸಾಲು ಮೊದಲಿಗಿಂತ ಉದ್ದವಾಯಿತು.

ಶನಿವಾರ ಊಟಕ್ಕೆ ಕುಳಿತಾಗ ಮಗಳ ಕೈ ತಟ್ಟೆಯಲ್ಲೇ ಉಳಿದಿತ್ತು.

"ಇವತ್ತೂ ಯಾರೂ ತಿರುಗಲಿಲ್ಲಪ್ಪ. ಹಲ್ಲಿನ ಡಾಕ್ಟ್ರು ಒಬ್ರು ಧೈರ್ಯ ಮಾಡಿ ಬಲಗಡೆ ಲೇನಿಗೆ ಬಂದ್ರು. ಹಸಿರು ಬಾಣ ಬಂದ ತಕ್ಷಣ ಕಾರಿಂದ ಇಳಿದು, ಕೀನ ಪೊಲೀಸ್ ಕೈಗೆ ಕೊಟ್ಟು ನಡ್ಕೊಂಡು ಹೊರಟೇಹೋದ್ರು."

"ಪಾಪ, ಒಳ್ಳೇ ವಿದ್ಯಾರ್ಥಿ. ಕನ್ನಡಿ ಚೆನ್ನಾಗಿ ನೋಡ್ತಿದ್ರು," ಎಂದರು ಮೇಷ್ಟ್ರು.

"ಸೋಮವಾರ ನಮ್ಮ ಮೇಲಧಿಕಾರಿ ಬರ್ತಾರೆ. ಬಲಗಡೆ ಲೇನ್ ಖಾಲಿ ಇದ್ರೆ ಅಂಡರ್‌ಪಾಸ್ ಬಾಯಿಗೆ ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಿಸ್ತಾರಂತೆ. ದಿಮ್ಮಿ ಆಗಲೇ ಲಾರಿಲಿ ತಂದು ಇಳಿಸಿದಾರೆ. ಅಪ್ಪ, ನೀನು ಮುಂದೆ ನಿಂತು ತಿರುಗಿದ್ರೆ ಎಲ್ರೂ ತಿರುಗ್ತಾರೆ."

ಮೇಷ್ಟ್ರು ಅನ್ನದಲ್ಲಿ ಕಲ್ಲು ಹುಡುಕುವವರಂತೆ ತಲೆ ತಗ್ಗಿಸಿದರು. ಉತ್ತರ ಅಡುಗೆಮನೆಯಿಂದ ಬಂತು.

"ನಿಮ್ಮಪ್ಪನಿಗೆ ಬಂದ್ರಲ್ವೇನೇ ತಿರುಗೋದು?"

"ನಿಂಗ್ಯಾರೇ ಹೇಳಿದ್ದು?" ಮೇಷ್ಟ್ರು ಹೆಂಡತಿಯತ್ತ ತಿರುಗಿದರು. ಅದೂ ಎಡಕ್ಕೇ.

"ಯಾರು ಹೇಳ್ಬೇಕು? ಮದುವೆ ಆದ ದಿನ ನನ್ನನ್ನ ಮನೆಗೆ ಕರ್ಕೊಂಡು ಬರ್ತಾ ಒಂದೇ ಪೋಸ್ಟಾಫೀಸನ್ನ ನಾಲ್ಕು ಸಲ ತೋರಿಸಿದ್ರಿ. ಈ ಊರಲ್ಲಿ ನಾಲ್ಕು ಪೋಸ್ಟಾಫೀಸಿದೆ, ಎಷ್ಟು ದೊಡ್ಡೂರಿಗೆ ಬಂದೆನಪ್ಪಾ ಅಂದ್ಕೊಂಡಿದ್ದೆ."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ನೀರಿನ ಲೋಟ ನೋಡಿದರು. "ಎದುರಿಂದ ಬರ್ತಾರಲ್ಲ ಪುಟ್ಟಿ," ಎಂದರು ಮೆಲ್ಲಗೆ. "ಅವರ ಮುಂದೆ ಹೆಂಗೆ ಅಡ್ಡ ಹೋಗೋದು? ನಂಗೆ ಸಂಕೋಚ ಆಗತ್ತೆ."

ಭಾನುವಾರ ಹಜಾರವೇ ಕೂಡುರಸ್ತೆಯಾಯಿತು. ಮೇಷ್ಟ್ರು ಕುರ್ಚಿಯ ಮೇಲೆ ಕೂತು ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡರು. ಮಗಳು ಎದೆಗೆ ದಿಂಬು ಅವಚಿಕೊಂಡು ಎದುರಿನ ಲಾರಿಯಾದಳು. ಹೆಂಡತಿ ಸೌಟು ಹಿಡಿದು ಸಿಗ್ನಲ್ ಆದರು. ಸೌಟು ಎತ್ತಿದರೆ ಕೆಂಪು, ಇಳಿಸಿದರೆ ಹಸಿರು. ಸೌಟು ಇಳಿಯಿತು. ಮೇಷ್ಟ್ರು ಲಾರಿಗೆ ದಾರಿ ಬಿಟ್ಟರು. ಲಾರಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂತು. ಮೇಷ್ಟ್ರು ಇನ್ನೂ ಕಾಯುತ್ತಿದ್ದರು.

"ಈಗ ಯಾರಿಗೆ ದಾರಿ ಬಿಡ್ತಿದೀಯಪ್ಪ?"

"ಆ ಸೋಫಾಗೆ."

"ಸೋಫಾ ಬರ್ತಿಲ್ಲ."

"ಬಂದ್ರೆ?"

"ಹಸಿರು ಬಾಣ ಇದ್ದಾಗ ಎದುರಿನವರಿಗೆ ಕೆಂಪು ಇರತ್ತಪ್ಪ. ಯಾರೂ ಬರಲ್ಲ. ಅದಕ್ಕೇ ಬಾಣ ಇಟ್ಟಿರೋದು."

ಮೇಷ್ಟ್ರು ಇದನ್ನು ಬಹಳ ಹೊತ್ತು ಯೋಚಿಸಿದರು. ಇಷ್ಟು ಸರಳವಾದ ವಿಷಯವನ್ನು ತಮಗೆ ಈವರೆಗೆ ಯಾರೂ ಹೇಳಿಲ್ಲವಲ್ಲ ಎಂದು ಅವರಿಗೆ ಬೇಸರವಾಯಿತು. ಹೇಳಬೇಕಾಗಿದ್ದ ಮೇಷ್ಟ್ರು ತಾವೇ ಎಂಬುದು ಹೊಳೆದು ಬೇಸರ ಇನ್ನಷ್ಟಾಯಿತು. ಸಂಜೆಯ ಹೊತ್ತಿಗೆ ಕುರ್ಚಿ ಎರಡು ಸಲ ಬಲಕ್ಕೆ ತಿರುಗಿತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಶಾಲೆಯ ಕಾರಿಗೆ ಕಲಿಯುವವರ ಕೆಂಪು ಬೋರ್ಡು ಕಟ್ಟಿ ಸ್ಟೀರಿಂಗ್ ಹಿಂದೆ ಕೂತರು. ಕಲಿಸುವವರ ಸೀಟು ಖಾಲಿ ಇದ್ದರೆ ಅವರಿಗೆ ಕೈಕಾಲಾಡುವುದಿಲ್ಲ. ಅದಕ್ಕೆ ಹೆಂಡತಿ ಚಪ್ಪಲಿ ಸಿಕ್ಕಿಸಿಕೊಂಡು ಅಲ್ಲಿ ಕೂತರು. ಅವರ ಕಾಲ ಕೆಳಗೆ, ಕಲಿಸುವವರಿಗೆಂದೇ ಹಾಕಿಸಿದ್ದ ಎರಡನೆಯ ಬ್ರೇಕು ಇತ್ತು.

"ಬೆಲ್ಟ್ ಹಾಕಿ. ಕನ್ನಡಿ ನೋಡಿ. ಭುಜ ಬಿಗಿ ಮಾಡ್ಬೇಡಿ, ಕಾರಿಗೆ ಗೊತ್ತಾಗತ್ತೆ," ಎಂದರು ಹೆಂಡತಿ.

"ಇದೆಲ್ಲ ಎಲ್ಲಿ ಕಲಿತೆ?"

"ನಿದ್ದೇಲಿ ದಿನಾ ಇದನ್ನೇ ಅಲ್ವಾ ಹೇಳೋದು ನೀವು?"

ಕಾರು ಬಲಗಡೆಯ ಲೇನಿಗೆ ಹೋಗಿ ನಿಂತಿತು. ಹಿಂದೆ ಬಂದ ಹಲ್ಲಿನ ಡಾಕ್ಟರು ಇದು ಯಾರ ಕಾರು ಎಂದು ಗುರುತಿಸಿದರು. ಮೇಷ್ಟ್ರೇ ನಿಂತಿರುವಾಗ ತಾವು ಎಡಕ್ಕೆ ಹೋಗುವುದು ಸಭ್ಯತೆಯಲ್ಲವೆಂದು ಅವರೂ ಅಲ್ಲೇ ನಿಂತರು. ಅವರ ಹಿಂದೆ ದರ್ಜಿ, ದರ್ಜಿಯ ಹಿಂದೆ ಇನ್ಸ್‌ಪೆಕ್ಟರು, ಅವರ ಹಿಂದೆ ಇಡೀ ಬಡಾವಣೆ.

ಹಸಿರು ಬಾಣ ಮೂಡಿತು. ಮೇಷ್ಟ್ರು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕ್ಲಚ್ ಬಿಟ್ಟರು. ಕಾರು ನಡುಗಿ ಆರಿಹೋಯಿತು. ಬಾಣ ಕೆಂಪಾಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಎಂಜಿನ್ ಗುಡುಗಿತು, ಕೆಮ್ಮಿತು, ಆರಿತು. ಹಿಂದೆ ಒಬ್ಬರೂ ಹಾರ್ನ್ ಒತ್ತಲಿಲ್ಲ. ಕೆಂಪು ಬೋರ್ಡಿನ ಕಾರಿಗೆ ಹಾರ್ನ್ ಒತ್ತಬಾರದೆಂಬುದು ಅವರೆಲ್ಲರ ಮೊದಲ ಪಾಠವಾಗಿತ್ತು.

ಪಾದಚಾರಿ ಮಾರ್ಗದಲ್ಲಿ ಮೇಲಧಿಕಾರಿ ನಿಂತಿದ್ದರು, ಪಕ್ಕದಲ್ಲಿ ಹಣೆಗೆ ಕೈ ಹಚ್ಚಿಕೊಂಡ ಮಗಳು. ಅವರ ಹಿಂದೆ ಕಾಂಕ್ರೀಟ್ ದಿಮ್ಮಿಗಳು.

"ಕಾರು ಕೆಟ್ಟಿದೆ ಕಣೇ. ನನ್ನ ತಪ್ಪೇನೂ ಇಲ್ಲ," ಎಂದ ಮೇಷ್ಟ್ರ ಹಣೆಯಲ್ಲಿ ಬೆವರಿತ್ತು. ಅವರ ಕಣ್ಣು ಹೆಂಡತಿಯ ಕಾಲಿನ ಕಡೆ ಹೋಯಿತು. ಚಪ್ಪಲಿ ಹಾಕಿದ ಎರಡೂ ಪಾದಗಳು ಎರಡನೆಯ ಬ್ರೇಕಿನ ಮೇಲೆ ಒಂದರ ಮೇಲೊಂದು ಏರಿ ಕೂತಿದ್ದವು.

"ಒತ್ತಿದೀಯಲ್ಲೇ!"

"ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲ ಕಣ್ರೀ. ಭಯಕ್ಕೆ ಕಾಲೇ ಹೋಗಿ ಕೂತ್ಬಿಟ್ಟಿದೆ."

ಮೇಷ್ಟ್ರು ಕನ್ನಡಿ ನೋಡಿದರು. ಇಷ್ಟು ವರ್ಷ ಆ ಸೀಟಿನಲ್ಲಿ ಕೂತು ಆ ಬ್ರೇಕನ್ನು ಹೀಗೇ ಒತ್ತಿಕೊಂಡಿದ್ದವರು ಯಾರು ಎಂಬುದು ಅದರಲ್ಲಿ ಕಾಣುತ್ತಿದ್ದ ಉದ್ದನೆಯ ಸಾಲಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಾರದು.

"ಕಾಲು ಮಡಚಿ ಸೀಟಿನ ಮೇಲೆ ಇಟ್ಕೋ," ಎಂದರು.

ನಾಲ್ಕನೆಯ ಬಾಣ. ಎದುರಿನ ಲಾರಿ ಕೆಂಪು ದೀಪಕ್ಕೆ ವಿಧೇಯವಾಗಿ ನಿಂತಿತ್ತು. ಮೇಷ್ಟ್ರು ಸಂಕೋಚದಿಂದ ಲಾರಿಯವನಿಗೆ ಕೈ ಮುಗಿದು, ಸ್ಟೀರಿಂಗ್ ಹಿಡಿದು ಬಲಕ್ಕೆ ಎಳೆದರು. ಕಾರು ತಿರುಗಿತು. ಲಾರಿ ಬರಲಿಲ್ಲ, ಸೋಫಾ ಸಹ ಬರಲಿಲ್ಲ. ಹಿಂದಿನಿಂದ ಡಾಕ್ಟರು ತಿರುಗಿದರು, ದರ್ಜಿ ತಿರುಗಿದ, ಇನ್ಸ್‌ಪೆಕ್ಟರು ಕಣ್ಣು ಮುಚ್ಚಿಕೊಂಡು ತಿರುಗಿದರು.

"ಬಲಗಡೆ ಲೇನಿಗೆ ಇಷ್ಟೊಂದು ಜನ ಕಾಯ್ತಿದಾರೆ ಅಂತ ನೀವು ಹೇಳ್ಲೇ ಇಲ್ವಲ್ಲಮ್ಮ," ಎಂದರು ಮೇಲಧಿಕಾರಿ. "ಆ ದಿಮ್ಮಿಗಳನ್ನ ವಾಪಸ್ ಲಾರಿಗೆ ಹಾಕ್ಸಿ."

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಂಡರ್‌ಪಾಸಿನಿಂದ ಆಚೆ ಬಂದ ಮೇಷ್ಟ್ರಿಗೆ ರುಚಿ ಹತ್ತಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಬಲಕ್ಕೆ ತಿರುಗಿದರು. "ನೋಡ್ದೆಯೇನೇ?" ಎಂದು ಇನ್ನೊಂದು ಬಲ. ಆಸ್ಪತ್ರೆಯ ಮೂಲೆಯಲ್ಲಿ ಮತ್ತೊಂದು. ಆಚೆ ಬದಿಯ ನಾಲ್ಕನೆಯ ಬಲ ತಿರುಗಿದಾಗ ಮುಂದೆ ಒಂದು ಕಾರು ನಿಂತಿತ್ತು. ಅದರ ಮುಂದೆ ಇನ್ನೊಂದು. ಸಾಲು ಕದಲಲಿಲ್ಲ.

"ಈ ಬದಿಲೂ ಟ್ರಾಫಿಕ್ಕೇ?" ಮೇಷ್ಟ್ರು ಬೇಸರಪಟ್ಟರು.

ಹೆಂಡತಿ ಕಿಟಕಿಯಿಂದ ತಲೆ ಹೊರಗಿಟ್ಟು ನೋಡಿದರು. "ರೀ, ಇದು ನಮ್ಮ ಹಿಂದೆ ಬಂದವರ ಬಾಲ."

ಮೂರು ಎಡ ಸೇರಿದರೆ ಒಂದು ಬಲವಾಗುವುದು ನಿಜ. ಆದರೆ ನಾಲ್ಕು ಬಲ ಸೇರಿದರೆ ಏನೂ ಆಗುವುದಿಲ್ಲ, ಹೊರಟಲ್ಲಿಗೇ ಬರುತ್ತೇವೆ. ಬಡಾವಣೆಗೆ ಬಡಾವಣೆಯೇ ಮೇಷ್ಟ್ರನ್ನು ನಂಬಿ, ಆಸ್ಪತ್ರೆಯನ್ನು ಬಳಸಿ ಬಂದು, ತನ್ನ ಬಾಲವನ್ನು ತಾನೇ ಮುಟ್ಟಿ ನಿಂತಿತ್ತು. ಹಾರ್ನ್ ಒತ್ತುವವರೂ ಇಲ್ಲ.

ಹೆಂಡತಿಯ ಫೋನು ರಿಂಗಾಯಿತು. ಅವರು ಕೇಳಿಸಿಕೊಂಡು, ಫೋನನ್ನು ಎದೆಗೆ ಒತ್ತಿಕೊಂಡು ಹೇಳಿದರು:

"ಮಗಳು ಕಣ್ರೀ. ಅಂಡರ್‌ಪಾಸ್ ಉಳೀತಂತೆ. ಕಾಲಿಗೆ ಬೀಳ್ತೀನಿ, ಅಪ್ಪನಿಗೆ ಒಂದೇ ಒಂದು ಸಲ ಎಡಕ್ಕೆ ತಿರುಗೋಕೆ ಹೇಳು ಅಂತಿದಾಳೆ."

ಮೇಷ್ಟ್ರು ಕನ್ನಡಿ ನೋಡಿದರು. ನಿಟ್ಟುಸಿರು ಬಿಟ್ಟು ಎಡಗಡೆಯ ಇಂಡಿಕೇಟರ್ ಹಾಕಿದರು. ಅವರ ಹಿಂದೆ ಡಾಕ್ಟರದ್ದು, ದರ್ಜಿಯದ್ದು, ಇನ್ಸ್‌ಪೆಕ್ಟರದ್ದು, ಮೂಲೆಯ ಆಚೆಗೂ ಸಾಲುಸಾಲಾಗಿ ಎಡದೀಪಗಳು ಮಿನುಗತೊಡಗಿದವು. ಅಷ್ಟೂ ಕಾರುಗಳು ಒಟ್ಟಿಗೆ ಉಸಿರು ಬಿಟ್ಟ ಹಾಗಿತ್ತು.