ಇಂಚಿಗೆ ಐದೇ ಹೊಲಿಗೆ

ಹೊಲಿಗೆ ಮಷೀನಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ಹುಟ್ಟಿದ್ದಾಳೆ. ನಿಂಬರ್ಗಾದಲ್ಲಿದ್ದಾಳೆ. ಹೆಸರು ಸುವರ್ಣಾ.

ನಾನು ಲಾಡ್ಲೆಸಾಬ. ಇಪ್ಪತ್ತು ವರ್ಷ ದರ್ಜಿಯಾಗಿದ್ದೆ, ಆಮೇಲಿನ ಇಪ್ಪತ್ತು ವರ್ಷ ಮಷೀನ್ ರಿಪೇರಿ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಈ ಮುದುಕನಿಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಆಡಿಕೊಳ್ಳುತ್ತಾರೆ. ಹಾಗೆ ಆಡುವವರೆಲ್ಲ ವರ್ಷಗಟ್ಟಲೆ ಒಂದು ಹನಿ ಎಣ್ಣೆ ಬಿಡದೆ, ತುಕ್ಕು ಹಿಡಿಸಿ ಮಷೀನ್ ತಂದವರು. ಅವರ ಮೇಲೆ ಸಿಟ್ಟಾಗದೆ ಇನ್ನೇನು, ಹೂವಿನ ಹಾರ ಹಾಕಲೇ?

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆಕೆ ಅಂಗಡಿಗೆ ಬಂದಳು. ಮೂವತ್ತೈದು ದಾಟಿದ, ಸಣಕಲು ಹೆಂಗಸು. ಚೀಲದಿಂದ ಒಂದು ಪಟ್ಟಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಅಂಗೈಯಷ್ಟು ಅಗಲದ ಎಮ್ಮೆಯ ಚರ್ಮ, ಒಳಗೆ ದಪ್ಪ ನೈಲಾನ್ ಬೆಲ್ಟು, ಕೆಳಗೆ ಮತ್ತೆ ಚರ್ಮ. ಎರಡೂ ತುದಿಯಲ್ಲಿ ಕಬ್ಬಿಣದ ಬಳೆ. ಎಲ್ಲ ಕೈಹೊಲಿಗೆ.

"ಇದೇನವ್ವಾ, ಎತ್ತಿಗಿ ಕಟ್ಟೋದೇನು?" ಎಂದೆ.

"ಇಲ್ರಿ ಚಾಚಾ. ನನ್ನ ಗಂಡಗ ಕಟ್ಟೋದು."

ನಾನು ಹೊಟ್ಟೆ ಹಿಡಿದು ನಕ್ಕೆ. ಅವಳು ನಗಲಿಲ್ಲ. ನಾನು ನಕ್ಕು ಮುಗಿಸುವ ತನಕ ಕಾದು, ಆಮೇಲೆ ಹೇಳಿದಳು.

ಅವಳ ಗಂಡ ಚಂದ್ರಾಮ ಬಾವಿಗೆ ಇಳಿಯುವವನು. ಬೇಸಿಗೆ ಬಂತೆಂದರೆ ನಿಂಬರ್ಗಾದ ಆರು ಜನರ ಗುಂಪು ಊರೂರು ಸುತ್ತಿ ಬಾವಿಯ ಹೂಳು ತೆಗೆಯುತ್ತದೆ, ಮುಳುಗಿದ ಮೋಟಾರು ಎತ್ತುತ್ತದೆ. ಈ ಪಟ್ಟಿಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಎರಡೂ ಬಳೆಗೆ ಹಗ್ಗ ಬಿಗಿದು, ರಾಟೆಯ ಮೇಲಿಂದ ಇಳಿಸುತ್ತಾರೆ. ಪಟ್ಟಿ ಹೊಲಿಯುತ್ತಿದ್ದವನು ಅವಳ ಮಾವ. ಅವನ ಕಣ್ಣು ಮಂಜಾದ ಮೇಲೆ ಇವಳು ಕಲಿತು ಹೊಲಿದಳು.

"ಇರೋದು ಇದೊಂದ ಪಟ್ಟಿ ರಿ. ಉಳಿದ ಐದು ಮಂದಿ ನಡಕ್ಕ ಬರೇ ಹಗ್ಗ ಕಟ್ಕೊಂಡು ಇಳೀತಾರ. ಹೋದ ವರ್ಷ ಮಾದನಹಿಪ್ಪರಗಾದಾಗ ಒಬ್ಬನ ಕಾಲು ಜಾರಿ, ಹಗ್ಗ ಎದಿಗೆ ಏರಿ, ಎರಡು ಪಕ್ಕೆಲುಬು ಮುರದ್ವು. ಅವತ್ತಿಂದ ಇವ ಏನ್ ಮಾಡ್ತಾನ ಗೊತ್ತೇನ್ರಿ? ತನ್ನ ಪಟ್ಟಿ ಮಂದಿಗಿ ಕೊಟ್ಟು, ತಾ ಹಗ್ಗ ಕಟ್ಕೊಂಡು ಇಳೀತಾನ. ಬೈದು ನೋಡ್ದೆ, ಅತ್ತು ನೋಡ್ದೆ. ಕೇಳವಲ್ಲ. ಆರೂ ಮಂದಿಗಿ ಪಟ್ಟಿ ಆಗೋತನ ಅವ ಕೇಳಂಗಿಲ್ರಿ ಚಾಚಾ."

"ಹೊಲಿ ಮತ್ತ."

ಅವಳು ಬಲಗೈಯ ಹೆಬ್ಬೆರಳು ತೋರಿಸಿದಳು. ಕೀಲು ಊದಿ ಗಡ್ಡೆಯಾಗಿತ್ತು. "ಒಂದು ಪಟ್ಟಿಗಿ ನಾಕು ದಿನ ಹಿಡೀತದ. ಇನ್ನ ಈ ಬಟ್ಟು ಆಗಂಗಿಲ್ಲ ಅನ್ನಾಕತ್ತದ. ಇದನ್ನ ಹೊಲಿಯೋ ಮಷೀನ್ ಆರಿಸಿ ಕೊಡ್ರಿ."

ಅಂಥ ಮಷೀನ್ ಆಳಂದದಲ್ಲಿ ಇಲ್ಲ. ಜೇವರ್ಗಿಯಲ್ಲಿ ನನ್ನ ಶಿಷ್ಯ ಏಜಾಜ ದೊಡ್ಡ ಕಾರ್ಖಾನೆಗಳ ಹಳೆಯ ಮಷೀನ್ ತಂದು ಮಾರುತ್ತಾನೆ. ಮರುದಿನವೇ ಹೊರಟೆವು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟುವ ತನಕ ನಾನು ಅವಳಿಗೆ ಮಷೀನಿನ ಪಾಠ ಹೇಳಿದೆ. ಅವಳು ಎಲ್ಲದಕ್ಕೂ "ಹೌದ್ರಿ" ಎಂದಳು. ಒಳ್ಳೆಯ ಹೆಣ್ಣುಮಗಳು ಎಂದುಕೊಂಡೆ.

ಏಜಾಜ ನಮ್ಮನ್ನು ಕೂರಿಸಿ, ಚಹಾ ತರಿಸಿ, ಬಾಗಿಲ ಬಳಿಯೇ ಇದ್ದ ಮಷೀನಿನ ಹೊದಿಕೆ ಎಳೆದ. ಮಿರಿಮಿರಿ ಮಿಂಚುತ್ತಿತ್ತು. "ಉಸ್ತಾದ್, ಚರ್ಮ ಇರ್ಲಿ, ಜೀನ್ಸ್ ಇರ್ಲಿ, ತಾಡಪತ್ರಿ ಇರ್ಲಿ, ಹಿಂಗ ಒತ್ತೋದು, ಹಿಂಗ ಮುಗಿಯೋದು" ಎಂದ.

ನಾನೇ ಕೂತೆ. ತೆಳುವಾದ ಚರ್ಮದ ಎರಡು ತುಂಡು ಜೋಡಿಸಿ ಕಾಲು ಒತ್ತಿದೆ. ಝರ್ರ್ ಎಂದು ಓಡಿತು. ಇಂಚಿಗೆ ಹನ್ನೆರಡು ಹೊಲಿಗೆ, ಒಂದಕ್ಕಿಂತ ಒಂದು ಚೆಂದ. ನಲವತ್ತು ವರ್ಷವಾದರೂ ಕೈ ಹೇಗಿದೆ ನೋಡು ಎಂಬ ಜಂಬದಲ್ಲಿ ಅವಳ ಕೈಗೆ ಕೊಟ್ಟೆ.

ಸುವರ್ಣಾ ತಿರುಗಿಸಿ ಮುರುಗಿಸಿ ನೋಡಿದಳು. "ಭಾಳ ಚಂದ ಅದ ರಿ ಚಾಚಾ. ಮದಲಗಿತ್ತಿ ಕುಪ್ಪಸಕ್ಕ ಹಾಕಿದಂಗ ಅದ."

ಹಾಗೆಂದವಳೇ ಒಂದು ತುಂಡನ್ನು ಹಿಮ್ಮಡಿಯ ಕೆಳಗೆ ಒತ್ತಿ ಹಿಡಿದು, ಇನ್ನೊಂದು ತುಂಡನ್ನು ಎರಡೂ ಕೈಯಿಂದ ಜಗ್ಗಿದಳು. ಪರ್ ಎಂದು ಚರ್ಮ ಹರಿಯಿತು. ಎಲ್ಲೆಂದರಲ್ಲಿ ಅಲ್ಲ, ನನ್ನ ಹೊಲಿಗೆಯ ಗುಂಟವೇ, ಕಂಡಕ್ಟರ್ ಟಿಕೆಟ್ ಹರಿದ ಹಾಗೆ ನೆಟ್ಟಗೆ ಹರಿದಿತ್ತು.

ನನ್ನ ಮೈಯೆಲ್ಲ ಉರಿಯಿತು. "ಚರ್ಮ ಕೆಟ್ಟದ್ದದ! ಏಜಾಜ, ಎಲ್ಲಿಂದ ತಂದೀಯಲೇ ಈ ಹಳಸಿದ ಮಾಲು?"

ಏಜಾಜ ಚಹಾದ ಲೋಟದೊಳಗೇ ನಕ್ಕ. "ಕುಣೀಲಾರದಾಕಿ ನೆಲ ಡೊಂಕು ಅಂದಳಂತ, ಉಸ್ತಾದ್."

"ಮುಚ್ಚಲೇ ಬಾಯಿ!"

ಸುವರ್ಣಾ ಮಾತ್ರ ತಾಳ್ಮೆಯಿಂದ ಹರಿದ ಅಂಚನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಚರ್ಮ ಛಲೋ ಅದ ರಿ. ದಾರಾನೂ ಛಲೋ ಅದ. ಬಟ್ಟಿಯೊಳಗ ಸೂಜಿ ಎಳಿ ಸರಿಸಿಕೊಂಡು ಹೋಗತದ. ಹೊಲಿಗಿ ಬಿಚ್ಚಿದ್ರ ಎಳಿ ಮತ್ತ ಕೂಡತಾವ. ಚರ್ಮದಾಗ ಹಂಗಿಲ್ಲ. ಚುಚ್ಚಿದ್ರ ತೂತು, ಸಾಯೋತನ ತೂತು. ಒಂದು ಇಂಚಿನ್ಯಾಗ ಹನ್ನೆರಡು ತೂತು ಹಾಕಿದ್ರ ಅದು ಹೊಲದಂಗಲ್ರಿ, ಕೊಯ್ದಂಗ. ತೆಳುಂದು ಈಗ ಹರೀತು. ದಪ್ಪಂದು ಒಂದಿನ ಬಾವ್ಯಾಗ ಹರೀತದ."

ಹೊಲಿಗೆ ಸಣ್ಣದಿದ್ದಷ್ಟೂ ದರ್ಜಿ ದೊಡ್ಡವನು ಎಂದು ನನಗೆ ನನ್ನ ಉಸ್ತಾದರು ಹೇಳಿದ್ದರು, ನಾನು ಏಜಾಜನಿಗೆ ಹೇಳಿದ್ದೆ. ಬಟ್ಟೆಗೆ ಆ ಮಾತು ಸರಿ. ಚರ್ಮಕ್ಕೆ ಅದೇ ಮಾತು ಮನುಷ್ಯನನ್ನು ಕೊಲ್ಲುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

"ಮತ್ತ ಎಷ್ಟು ಹಾಕಬೇಕು?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಐದ. ಐದರ ಮ್ಯಾಲ ಒಂದೂ ಬ್ಯಾಡ."

ಮಿಂಚುವ ಮಷೀನಿಗೆ ದಪ್ಪ ದಾರ ಪೋಣಿಸಿ, ಹೊಲಿಗೆ ಉದ್ದ ಮಾಡಿ, ಅವಳು ತಂದಿದ್ದ ಎಮ್ಮೆ ಚರ್ಮ, ಬೆಲ್ಟು, ಚರ್ಮ ಮೂರನ್ನೂ ಒಟ್ಟಿಗೆ ಕೊಟ್ಟೆವು. ಮಷೀನ್ ನರಳಿತು. ಎರಡು ಹೊಲಿಗೆ ಹಾಕಿ ಮೂರನೆಯದನ್ನು ಬಿಟ್ಟಿತು. ಕೊನೆಗೆ ನೋಡಿದರೆ ಮೇಲಿನ ಚರ್ಮ ಒಂದು ಬೆರಳು ಹಿಂದೆ ಸರಿದಿತ್ತು. ಇದು ನನಗೆ ಗೊತ್ತಿದ್ದ ರೋಗ. "ಇದು ಬರೇ ಕೆಳಗಿನ ಹಲ್ಲಿಲೆ ಮಾಲು ಎಳೀತದ. ಮ್ಯಾಲಿನ ಪಾದ ಸುಮ್ಮನ ಒತ್ಕೊಂಡು ಕೂಡತದ. ದಪ್ಪ ಮಾಲಿಗಿ ಮ್ಯಾಲಿನ ಪಾದಾನೂ ಹೆಜ್ಜಿ ಹಾಕಬೇಕು. ಅಂಥಾದ್ದು ತೆಗಿಯೋ ಏಜಾಜ" ಎಂದೆ.

ಅವನು ಒಲ್ಲದ ಮನಸ್ಸಿನಿಂದ ಹಿಂದಿನ ಕೋಣೆಯಿಂದ ಒಂದನ್ನು ತಳ್ಳಿಸಿಕೊಂಡು ಬಂದ. ಬಣ್ಣ ಹೋದ, ಎಮ್ಮೆಯಂಥ ಮಷೀನ್. ಸೋಲಾಪುರದ ಕಡೆ ಲಾರಿಯ ತಾಡಪತ್ರಿ ಹೊಲಿಯುತ್ತಿತ್ತಂತೆ. ಗಾಲಿ ತಿರುಗಿಸಿದೆ. ಮೇಲಿನ ಪಾದ ಎದ್ದು, ಮುಂದೆ ಬಂದು, ಮಾಲನ್ನು ಹಿಡಿದು, ಕೆಳಗಿನ ಹಲ್ಲಿನ ಜೊತೆಗೇ ಒಯ್ಯಿತು. ಸೂಜಿಯ ದಂಡ ಅಲುಗಾಡುತ್ತದೆಯೇ, ಕೊಕ್ಕೆ ಸವೆದಿದೆಯೇ ಎಂದು ಎಲ್ಲವನ್ನೂ ಬಿಚ್ಚಿ ನೋಡಿದೆ. ಒಂದು ಸ್ಕ್ರೂ ಸಡಿಲಿತ್ತು, ಅಷ್ಟೇ. ಮುದುಕನಾದರೂ ಗಟ್ಟಿ ಮುದುಕ.

"ಕೂಡವ್ವಾ, ಓಡಿಸಿ ನೋಡು."

"ಮೋಟಾರ್ ಬಂದ್ ಮಾಡ್ರಿ" ಎಂದಳು ಸುವರ್ಣಾ.

ಬಲಗೈಯಿಂದ ಗಾಲಿ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕತೊಡಗಿದಳು. ಟಪ್. ನಿಲ್ಲುವುದು, ಕಿವಿಗೊಡುವುದು. ಟಪ್. ಮೂಲೆಗೆ ಬಂದಾಗ ಸೂಜಿಯನ್ನು ಚರ್ಮದೊಳಗೇ ನಿಲ್ಲಿಸಿ, ಪಟ್ಟಿ ತಿರುಗಿಸಿ, ಮತ್ತೆ ಟಪ್. ಗಡಿಯಾರದ ಮುಳ್ಳು ಸರಿಯುತ್ತಲೇ ಇತ್ತು. ಏಜಾಜ ಆಕಳಿಸಿದ. "ಅಕ್ಕಾ, ಮಷೀನ್ ತಗೊಳ್ಳೋದು ಓಡ್ಸಾಕ. ಹಿಂಗ ಕೈಲೆ ತಿರುವಿದ್ರ ಹೆಂಗ?"

"ಓಡಾಕ ಎಲ್ಲಾಕೂ ಬರತದ ತಮ್ಮಾ" ಎಂದಳು, ತಲೆ ಎತ್ತದೆ. "ನಿಂದ್ರಾಕ ಬರತದೇನು ನೋಡಾಕತ್ತೇನಿ."

ನಲವತ್ತು ವರ್ಷದಲ್ಲಿ ಸಾವಿರ ಜನ ನನ್ನ ಜೊತೆ ಮಷೀನ್ ನೋಡಲು ಬಂದಿದ್ದಾರೆ. ಎಲ್ಲರೂ ಕೇಳುವುದು ಒಂದೇ, ನಿಮಿಷಕ್ಕೆ ಎಷ್ಟು ಹೊಲಿಗೆ. ನಿಲ್ಲುವುದನ್ನು ಕೇಳಿದವಳು ಇವಳೊಬ್ಬಳೇ. ವಾಹ್ ಬೇಟಿ, ಎಂದು ಬಾಯಿಬಿಟ್ಟೇ ಅಂದೆ. ಸಾವಕಾಶ ತಿರುಗಿ, ಕಾಲು ತೆಗೆದಲ್ಲಿ ನಿಲ್ಲುವ ಹೊಸ ಮೋಟಾರನ್ನು ಏಜಾಜನಿಂದಲೇ ಹಾಕಿಸಿದೆ. ಅವನು ಹೇಳಿದ ಬೆಲೆಗೆ ಮಾತ್ರ ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದೆ. ಆ ಕೆಲಸಕ್ಕಾದರೂ ನಾನು ಬೇಕಿತ್ತಲ್ಲ.

ಹತ್ತು ದಿನದ ಮೇಲೆ ಫೋನ್ ಬಂತು. "ಚಾಚಾ, ಸೋಮವಾರ ಚೌಡಾಪುರದಾಗ ಬಾವಿ ಕೆಲಸ ಅದ. ಮೊದಲ ಪಟ್ಟಿ ಆಗ್ಯಾದ. ಬರ್ರಿ."

ಹೋದೆ. ಐವತ್ತು ಅಡಿಯ ಬಾವಿ, ತಳದ ಹೂಳಿನಲ್ಲಿ ಮೋಟಾರು ಸಿಕ್ಕಿಕೊಂಡಿತ್ತು. ಬಾಯಿಗೆ ಅಡ್ಡ ತೊಲೆ, ರಾಟೆ, ಹಗ್ಗ. ಆರು ಗಂಡಸರು ನಿಂತಿದ್ದರು. ಆ ಗುಂಪಿನಲ್ಲಿ ಒಂದು ರೂಢಿಯಿದೆ. ಹೊಸ ಪಟ್ಟಿಯಲ್ಲಿ ಮೊದಲು ಬಾವಿಯ ಮೇಲೆ ತೂಗಬೇಕಾದವರು ಅದನ್ನು ಹೊಲಿದವರು, ಆಮೇಲೆಯೇ ಇಳಿಯುವವರು. ಸುವರ್ಣಾ ಸೀರೆಯ ಕಚ್ಚೆ ಕಟ್ಟಿ, ಪಟ್ಟಿಯಲ್ಲಿ ಕೂತು, ಬಾವಿಯ ನಡುವೆ ತೂಗಿ ಬಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಗುಂಪಿನಲ್ಲಿ ಪರಮೇಶ ಎಂಬ ದಢೂತಿ ಆಳೊಬ್ಬ, ನಡುವಿಗೆ ಹಗ್ಗ ಸುತ್ತಿಕೊಂಡು ನಿಂತವನು, ಮೀಸೆಯಲ್ಲೇ ನಕ್ಕ. "ವೈನಿ, ನೀವು ಅರವೀಯಷ್ಟು ಹಗುರ ಅದೀರಿ. ಅದೂ ಅಲ್ದ, ಹೊಲದಾಕಿ ನೀವಲ್ಲ, ಮಷೀನ್. ರೂಢಿ ಪ್ರಕಾರ ಮಷೀನ್‌ನ ಕಟ್ಟಿ ಇಳಿಸಬೇಕಲ್ರಿ?"

ಎಲ್ಲರೂ ನಕ್ಕರು. ಸುವರ್ಣಾಳ ಮುಖ ಬಾಡಿತು. ಅಷ್ಟೇ, ನನ್ನ ತಲೆ ಕೆಟ್ಟಿತು. "ಮಷೀನ್ ಆರಿಸಿದವ ನಾ ಅದೀನಿ! ಎಂಬತ್ತೈದು ಕಿಲೋ ಅದೀನಿ! ಕಟ್ರಲೇ ನನ್ನ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಕಟ್ಟಿಯೇಬಿಟ್ಟರು.

ಕಾಲ ಕೆಳಗಿನ ನೆಲ ಹೋದಾಗ ನನಗೆ ಕಲಿಮಾ ನೆನಪಾಯಿತು, ಸತ್ತ ಅಮ್ಮ ನೆನಪಾದಳು. ಯಾ ಅಲ್ಲಾ, ಈ ವಯಸ್ಸಿನಲ್ಲಿ ಇದು ಬೇಕಿತ್ತೇ? ಕೆಳಗೆ ನೋಡಲು ಧೈರ್ಯವಾಗದೆ ಎದುರಿಗೆ ನೋಡಿದೆ. ಬಳೆಯ ಹತ್ತಿರದ ಹೊಲಿಗೆ ನನ್ನ ಮೂಗಿನ ಮುಂದೆಯೇ ಇತ್ತು. ಎಣಿಸಿದೆ. ಇಂಚಿಗೆ ಐದು. ನನ್ನ ಭಾರವೆಲ್ಲ ಆ ಐದೈದು ಹೊಲಿಗೆಯ ಮೇಲಿತ್ತು, ಒಂದೂ ಬಾಯಿ ಬಿಟ್ಟಿರಲಿಲ್ಲ. ಅಂದು ಜೇವರ್ಗಿಯಲ್ಲಿ ಅವಳು ನನ್ನ ಮಾತು ಕೇಳಿದ್ದರೆ ಇಲ್ಲಿ ಹನ್ನೆರಡು ಇರುತ್ತಿದ್ದವು. ನನಗೆ ನಾಚಿಕೆಯಾಯಿತು, ಆ ನಾಚಿಕೆಗಿಂತ ದೊಡ್ಡದಾಗಿ ಅವಳ ಮೇಲೆ ಅಭಿಮಾನ ಬಂತು. ಪರಮೇಶ ಬೇಕೆಂತಲೇ ಹಗ್ಗ ಜಗ್ಗಿ ಕುಲುಕಿದ. ನಾನು ಕೊಟ್ಟ ಬೈಗುಳ ಬಾವಿಯೊಳಗೆ ಇನ್ನೂ ಇದ್ದರೂ ಇರಬಹುದು.

ನನ್ನನ್ನು ಎಳೆದುಕೊಂಡ ಮೇಲೆ ಚಂದ್ರಾಮ ಮುಂದೆ ಬಂದ. ಕೈಹೊಲಿಗೆಯ ಹಳೆಯ ಪಟ್ಟಿ ಕಟ್ಟೆಯ ಮೇಲೇ ಇತ್ತು. ಅವನು ಅದನ್ನು ಮುಟ್ಟದೆ, ಹೊಸದನ್ನೇ ತೊಡೆಗೆ ಹಾಕಿಕೊಂಡು ಇಳಿದ. ಒಂದು ತಾಸಿನ ಮೇಲಾಯಿತು. ಸುವರ್ಣಾ ಕೂರಲಿಲ್ಲ, ನೀರು ಕುಡಿಯಲಿಲ್ಲ. ಬಿಗಿದು ನಿಂತ ಹಗ್ಗವನ್ನೇ ನೋಡುತ್ತಿದ್ದಳು. ಮೊದಲು ಮೋಟಾರು ಮೇಲೆ ಬಂತು. ಆಮೇಲೆ ಮೈತುಂಬ ರಾಡಿ ಮೆತ್ತಿಕೊಂಡ ಚಂದ್ರಾಮ ಬಂದ.

ಅವಳು ಗಂಡನ ಮುಖ ನೋಡಲಿಲ್ಲ. ಪಟ್ಟಿ ಬಿಚ್ಚಿಸಿಕೊಂಡು, ರಾಡಿ ಒರೆಸಿ, ಬಿಸಿಲಿಗೆ ಹಿಡಿದು, ಉಗುರಿನಿಂದ ಒಂದೊಂದೇ ತೂತು ಮುಟ್ಟುತ್ತ ಈ ಬಳೆಯಿಂದ ಆ ಬಳೆಯ ತನಕ ಹೋದಳು.

"ಒಂದೂ ಹಿಗ್ಗಿಲ್ಲ" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

ಪರಮೇಶ ನಡುವಿನ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದ. ಅವಳ ಮುಂದೆ ಬಂದು, ದರ್ಜಿಯ ಮುಂದೆ ನಿಲ್ಲುವ ಹಾಗೆ ಎರಡೂ ಕೈ ಮೇಲೆತ್ತಿದ. "ನಂದು ಅಳತಿ ತಗೋರಿ, ವೈನಿ" ಎಂದ. ಅವನ ಹಿಂದೆ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬಂದು ನಿಂತರು. ಸುವರ್ಣಾ ಚೀಲದಿಂದ ಟೇಪು ತೆಗೆದಳು.

ಚಂದ್ರಾಮ ಹಳೆಯ ಪಟ್ಟಿಯನ್ನು ಕಟ್ಟೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡ. "ಎಲ್ಲಾರೂ ತಗಸ್ಕೋರಿ" ಎಂದ. "ನಂದು ಇನ್ನ ನಾ ಯಾರಿಗೂ ಕೊಡಂಗಿಲ್ಲ."

ಬಾವಿಯ ಮೇಲೆ ತೂಗುವಾಗ ಮುಖ ಅಲುಗದಿದ್ದವಳು, ಆ ಮಾತು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಪರಮೇಶನ ನಡುವಿಗೆ ಸುತ್ತಿದ ಟೇಪು ಬಿಡದೆಯೇ ಅತ್ತಳು.