ಹಂಗಾಮಿಯ ಕಪ್ಪು ಶೂ

ಡಬ್ಬಿಯ ಮುಚ್ಚಳ ತೆಗೆದು ಬಟ್ಟೆಯ ತುದಿಯನ್ನು ಪಾಲಿಶ್‌ಗೆ ಒತ್ತಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ಅವಳ ಕೈ ನಿಂತುಬಿಟ್ಟಿತು. ಚಿಕ್ಕಂದಿನಲ್ಲಿ ಹಿತ್ತಿಲ ಮೆಟ್ಟಿಲ ಕಡೆಯಿಂದ ಈ ವಾಸನೆ ಬಂದರೆ ಸಾಕು, ಪುಸ್ತಕ ಬಿಸಾಡಿ ಓಡುತ್ತಿದ್ದಳು. ಸಹಾಯಕ ಕೋಚ್ ಆಗಿ ವಾರವೆಲ್ಲ ಕ್ಯಾನ್ವಾಸ್ ಶೂ ತೊಟ್ಟು ಮೈದಾನದಲ್ಲಿ ಓಡಾಡುವ ಅಪ್ಪ ಚರ್ಮದ ಕಪ್ಪು ಶೂ ಹೊರತೆಗೆದು ಉಜ್ಜುತ್ತಿದ್ದಾರೆ ಎಂದರೆ, ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ಕೋಚ್‌ನ ಕೆಲಸ ಹೋಗಿದೆ, ಭಾನುವಾರದ ಪಂದ್ಯಕ್ಕೆ ಗೆರೆಯ ಪಕ್ಕ ನಿಂತು ಕೂಗುವವರು ಅಪ್ಪನೇ ಎಂದರ್ಥ. ಅದು ಇನ್ನೊಬ್ಬರ ಮನೆಯ ಒಲೆ ತಣ್ಣಗಾದ ವಾಸನೆಯೂ ಹೌದು ಎಂದು ತಿಳಿಯಲು ಅವಳಿಗೆ ಬಹಳ ವರ್ಷ ಹಿಡಿಯಿತು.

ಈಗ ಅದೇ ಮೆಟ್ಟಿಲ ಮೇಲೆ ಕೂತು ಅದೇ ಶೂಗಳನ್ನು ಅವಳು ಉಜ್ಜುತ್ತಿದ್ದಳು. ನಿನ್ನೆ ಮುಂಜಾನೆ ತೀರಿಕೊಂಡ ಅಪ್ಪ ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು.

ಜರ್ಸಿ ಮಾವ ಹಿತ್ತಿಲ ಬಾಗಿಲಿಗೆ ಬಂದು ನಿಂತ. ಕ್ಲಬ್ಬಿನ ಬಟ್ಟೆಬರೆ, ಚೆಂಡು, ಗಾಳಿ ಪಂಪು ಎಲ್ಲ ನೋಡಿಕೊಳ್ಳುವ ಮುದುಕ. ಮೂರು ತಲೆಮಾರಿನ ಆಟಗಾರರಿಗೂ ಅವನು ಮಾವನೇ.

"ಏಳಮ್ಮ ಪುಟ್ಟಿ. ಜನ ಬರ್ತಿದ್ದಾರೆ."

"ಅಧ್ಯಕ್ಷರು ಬಂದ್ರಾ ಮಾವ?"

"ಬಂದ್ರು. ಅವರ ಬೆನ್ನಿಗೇ ಇಸ್ತ್ರಿಯೂ ಬಂತು."

ಇಸ್ತ್ರಿ ಎಂದರೆ ಕೆಲಸವಿಲ್ಲದ ಒಬ್ಬ ಕೋಚ್. ಯಾವ ಕ್ಲಬ್ಬಿನಲ್ಲಿ ಜಾಗ ಖಾಲಿಯಾದರೂ ಮುದುರು ಬೀಳದ ಅವನ ಕೋಟು ಅಲ್ಲಿ, ಅಧ್ಯಕ್ಷರ ಕಣ್ಣಿಗೆ ಬೀಳುವಂಥ ಜಾಗದಲ್ಲಿ, ಕಾಣಿಸಿಕೊಳ್ಳುತ್ತಿತ್ತು.

"ಸಾವಿನ ಮನೆಗೂ ಬಿಡಲ್ವಾ?"

"ಬೆಲ್ಲ ಇದ್ದಲ್ಲಿ ಇರುವೆ. ಅದಕ್ಕೆ ಸಾವಿನ ಮನೆ, ಮದುವೆ ಮನೆ ಅಂತ ಏನು ಗೊತ್ತು?" ಮಾವ ದನಿ ತಗ್ಗಿಸಿದ. "ಕಂಬನೂ ಬಂದಿದ್ದಾನೆ. ಗೇಟಿನ ಹತ್ರ ನಿಂತವನು ಅಲ್ಲಾಡಿಲ್ಲ. ಹೆಸರಿಗೆ ತಕ್ಕ ಹಾಗೆ."

ಅವಳ ಕೈ ಮತ್ತೆ ನಿಂತಿತು. ಕಂಬ ಒಂದು ಕಾಲದ ಗೋಲ್‌ಕೀಪರ್, ಮೊನ್ನೆಯವರೆಗೆ ಕ್ಲಬ್ಬಿನ ಮುಖ್ಯ ಕೋಚ್. ಅವನ ಕೈಕೆಳಗೆ ಅವಳು ಸಹಾಯಕಿ; ದೊಡ್ಡ ತಂಡದ ಬೆಂಚಿನಲ್ಲಿ ಕೂತ ಮೊದಲ ಹೆಂಗಸು. ಮೊನ್ನೆ ಸೋಲಿನ ನೆಪ ಹೇಳಿ ಅವನನ್ನು ತೆಗೆದರು. ನಾಡಿದ್ದು ಭಾನುವಾರ ಪಂದ್ಯ. ಆ ಜಾಗ ತನಗೆ ಬೇಕು ಎಂದು ಅವಳ ಮನಸ್ಸು, ಅಪ್ಪ ಕೋಣೆಯಲ್ಲಿ ಹೀಗೆ ಮಲಗಿರುವಾಗಲೂ, ನಾಚಿಕೆಯಿಲ್ಲದೆ ಹೇಳುತ್ತಿತ್ತು. ಆದರೆ ಕಳೆದ ವಾರ ಅಧ್ಯಕ್ಷರ ಕೋಣೆಯ ಬಾಗಿಲು ತಳ್ಳಿದಾಗ ಕಂಬ ಏನೋ ಹೇಳುತ್ತಿದ್ದವನು ಅವಳನ್ನು ಕಂಡು ಬಾಯಿ ಮುಚ್ಚಿದ್ದ. ಅಂದಿನಿಂದ ಅವಳೊಳಗೆ ಒಂದು ಮುಳ್ಳು. ತಾನು ಬೀಳುವ ಮೊದಲು ನನ್ನ ಬುಡಕ್ಕೂ ಕೊಡಲಿ ಇಟ್ಟಿದ್ದಾನೆ.

"ಅವನಿಗೆ ಇಲ್ಲಿ ಏನು ಕೆಲಸ?" ಎಂದಳು.

"ಸಾವಿಗೆ ಬಂದಿದ್ದಾನಮ್ಮ," ಎಂದ ಮಾವ. "ಎಲ್ಲರೂ ಒಂದಲ್ಲ ಒಂದು ಲೆಕ್ಕ ಇಟ್ಕೊಂಡೇ ಬರ್ತಾರೆ ಅನ್ನೋಕಾಗಲ್ಲ."

ಶೂ ಅಪ್ಪನ ಕಾಲಿಗೆ ಹತ್ತಲಿಲ್ಲ. ಪಾದ ಊದಿತ್ತು. ಅವಳು ಹಿಮ್ಮಡಿಯ ಕಡೆಯಿಂದ ಬೆರಳು ತೂರಿಸಿ ಎಳೆಯುತ್ತಿದ್ದಾಗ ಅಮ್ಮ ಅವಳ ಮೊಣಕೈ ಹಿಡಿದಳು.

"ಬಿಡು. ಜೀವ ಇದ್ದಾಗಲೂ ಅದು ಅವರಿಗೆ ಕಚ್ಚುತ್ತಿತ್ತು."

ಅಮ್ಮನೇ ಕ್ಯಾನ್ವಾಸ್ ಶೂ ತಂದು ತೊಡಿಸಿ, ಲಾಡಿ ಎಳೆದು ಗಂಟು ಹಾಕಿದಳು. ಅಡಿಯಲ್ಲಿ ಮೈದಾನದ ಒಣಗಿದ ಮಣ್ಣು ಹಾಗೇ ಇತ್ತು, ಅದನ್ನು ಕೆರೆಯಲಿಲ್ಲ.

ಅಂಗಳದಲ್ಲಿ ಪಕ್ಕದ ಮನೆಯವರು ತಮ್ಮ ಕುರ್ಚಿಗಳನ್ನೂ ತಂದು ಹಾಕಿದ್ದರು, ಯಾರೂ ಕೇಳದೆಯೇ. ಹಳೆಯ ಆಟಗಾರರು ಮರದ ನೆರಳಿನಲ್ಲಿ ಗುಂಪಾಗಿ ಕೂತು ಪಿಸುಗುಟ್ಟುತ್ತಿದ್ದರು. ಬಾಗಿಲ ಬಳಿ ನಿಂತ ಅವಳಿಗೆ ಎಲ್ಲ ಕೇಳಿಸುತ್ತಿತ್ತು.

"ನಾಲ್ಕು ಕೋಚ್‌ಗಳು ಹೋದರು. ನಾಲ್ಕು ಸಲವೂ ಇವರನ್ನೇ ಹಂಗಾಮಿ ಮಾಡಿದರು. ಒಂದು ಸಲವೂ ಖಾಯಂ ಆಗಲಿಲ್ಲ ನೋಡು."

"ಯಾರೋ ಅಡ್ಡಗಾಲು ಹಾಕಿದ್ರು ಅಂತಾರಪ್ಪ."

"ಯಾರು?"

"ಹೆಸರು ನಾನು ಹೇಳಲ್ಲ. ಹೂವಿನ ಹಾರ ಎಲ್ಲಕ್ಕಿಂತ ದೊಡ್ಡದು ಯಾರು ತಂದ್ರು, ಅದನ್ನ ನೋಡ್ಕೊ."

"ಇನ್ನು ಬಿಡಿ, ಭೂಮಿ ಮೇಲೆ ನಾವೆಲ್ಲರೂ ಹಂಗಾಮಿಗಳೇ."

"ಅಯ್ಯಾ, ವೇದಾಂತ ಆಮೇಲೆ. ಕುರ್ಚಿ ಈ ಕಡೆ ಎಳ್ಕೊ, ಬಿಸಿಲು ಬರ್ತಿದೆ."

ಅತಿ ದೊಡ್ಡ ಹಾರ ತಂದವರು ಅಧ್ಯಕ್ಷರು. ಅವಳು ಅವರತ್ತ ನೋಡಿದಳು. ನೆತ್ತಿಯ ಮೇಲೆ ಕರವಸ್ತ್ರ ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಅವರ ಕಿವಿಗೆ ಬಾಗಿದ್ದ. ಗೇಟಿನ ಬಳಿ ಕಂಬ ಒಬ್ಬನೇ. ಅವನನ್ನು ದಾಟಿ ಒಳಗೆ ಬಂದವರೆಲ್ಲ ಆ ಗಳಿಗೆಗೆ ಸರಿಯಾಗಿ ತಮ್ಮ ಚಪ್ಪಲಿಯನ್ನೋ ಫೋನನ್ನೋ ನೋಡಿಕೊಳ್ಳುತ್ತಿದ್ದರು. ಕೆಲಸ ಹೋದವನ ಕಣ್ಣು ತಗುಲಿದರೆ ಅಂಟುರೋಗ ಹತ್ತೀತು ಎನ್ನುವ ಹಾಗೆ.

*

ಅವಳಿಗೆ ಹನ್ನೊಂದು ತುಂಬಿದ್ದ ವರ್ಷ ಅಪ್ಪ ಮೂರು ಪಂದ್ಯಗಳಿಗೆ ಹಂಗಾಮಿಯಾಗಿದ್ದರು. ಮೂರನ್ನೂ ಗೆದ್ದರು. ಮೂರನೆಯದಾದ ಮೇಲೆ ಅಧ್ಯಕ್ಷರಿಂದ ಕರೆ ಬಂತು. ಅಪ್ಪ ಕಪ್ಪು ಶೂ ತೊಟ್ಟು ಹೋದರು. ಅವಳು ಗೇಟಿಗೆ ಜೋತುಬಿದ್ದು ಕಾಯುತ್ತಿದ್ದಳು.

ಬರುವಾಗ ಅಪ್ಪನ ಮುಖ ಅರಳಿತ್ತು. "ಅಧ್ಯಕ್ಷರು ನನ್ನ ಅಭಿಪ್ರಾಯ ಕೇಳಿದರು ಕಣೇ!" ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದರು. "ಅಷ್ಟು ದೊಡ್ಡವರು. ಎದುರು ಕೂರಿಸಿಕೊಂಡು ಕೇಳಿದರು."

ಒಳಗಿನಿಂದ ಪಾತ್ರೆಯ ಸದ್ದು ಮಾತ್ರ ಬಂತು.

ಎರಡು ವಾರದಲ್ಲಿ ಹೊಸ ಕೋಚ್ ಬಂದ. ಅಪ್ಪನೇ ಅವನಿಗೆ ಬೀಗದ ಕೈ ಕೊಟ್ಟು, ಯಾವ ನಲ್ಲಿ ಸೋರುತ್ತದೆ, ಯಾವ ಆಟಗಾರ ಮನೆ ನೆನೆದು ಅಳುತ್ತಾನೆ, ಎಲ್ಲ ಹೇಳಿಕೊಟ್ಟರು. ಕಪ್ಪು ಶೂ ಕಪಾಟಿನ ಮೇಲಕ್ಕೆ ಹೋಯಿತು. ಅವಳು ಹೊದಿಕೆಯೊಳಗೆ ಅತ್ತಳು. ಯಾರೋ ಅಡ್ಡ ಬಂದಿದ್ದಾರೆ ಎಂದು ಆಗಲೇ ತೀರ್ಮಾನಿಸಿದಳು. ಆಮೇಲೆ ಒಬ್ಬೊಬ್ಬರ ಮೇಲೂ ಸಂಶಯಪಟ್ಟಳು: ಖಜಾಂಚಿಯ ಮೇಲೆ, ಪತ್ರಿಕೆಯವನ ಮೇಲೆ, ಒಂದು ಕಾಲದಲ್ಲಿ ಪಾಪದ ಜರ್ಸಿ ಮಾವನ ಮೇಲೂ.

ಇನ್ನೊಂದು ನೆನಪೂ ಇತ್ತು. ಪ್ರತಿ ಸಲ ಯಾರನ್ನಾದರೂ ತೆಗೆದ ದಿನ ಅಪ್ಪ ಶೂ ಉಜ್ಜುವ ಮೊದಲು ಅಮ್ಮನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಕ್ಲಬ್ಬಿಗೆ ಹೋಗುತ್ತಿದ್ದರು. ತೆಗೆದುಹಾಕಿದ ಕೋಚ್ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿರುತ್ತಿದ್ದ. ಅಪ್ಪ ಡಬ್ಬಿ ಪಕ್ಕದಲ್ಲಿಟ್ಟು, ಮಾತಿಲ್ಲದೆ ಬರುತ್ತಿದ್ದರು.

"ಯಾಕಪ್ಪ ಅವರಿಗೆ ಊಟ? ಅವರು ಸೋತವರಲ್ವಾ?"

"ಇವತ್ತು ಅವರಿಗೆ ಮನೆಗೆ ಹೋಗಿ ಹೇಳಬೇಕಲ್ಲ," ಎಂದಿದ್ದರು ಅಪ್ಪ. "ಹಸಿದ ಹೊಟ್ಟೆಯಲ್ಲಿ ಆ ಮಾತು ಹೇಳೋದು ಕಷ್ಟ."

*

ಮಣ್ಣು ಮಾಡಿ ಎಲ್ಲರೂ ಹಿಂದಿರುಗಿದಾಗ ಮಧ್ಯಾಹ್ನ ಮೀರಿತ್ತು. ಅಂಗಳದಲ್ಲಿ ಚಹಾ ಕೊಟ್ಟರು. ಅಧ್ಯಕ್ಷರು ಲೋಟ ಹಿಡಿದುಕೊಂಡೇ ಒಳಗೆ ಬಂದು, ಅಪ್ಪ ಮಲಗಿದ್ದ ಕೋಣೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಕೂತರು. ಅವಳು ಕಿಟಕಿಗೆ ಒರಗಿ ನಿಂತಳು.

"ಈ ಹೊತ್ತಲ್ಲಿ ಕೇಳಬಾರದಮ್ಮ," ಎಂದರು. "ಆದರೆ ಭಾನುವಾರ ಕಾಯಲ್ಲ. ಅವತ್ತು ನೀನು ನಿಂತ್ಕೊ. ಹಂಗಾಮಿಯಾಗಿ."

"ಆಮೇಲೆ?"

"ಆಮೇಲೆ ನೋಡೋಣ." ಲೋಟವನ್ನು ಅಂಗೈಯಲ್ಲಿ ತಿರುಗಿಸಿದರು. "ನೀನು ಒಳಗಿನವಳು, ತಂಡ ಬಲ್ಲವಳು. ನೀನೇ ಹೇಳು. ಖಾಯಂ ಆಗಿ ಯಾರನ್ನ ತಗೊಳ್ಳೋಣ?"

ಅವಳ ನಾಲಿಗೆಯ ತುದಿಗೆ ಒಂದು ಹೆಸರು ತಾನಾಗಿ ಬಂತು: ನದಿಯಾಚೆಯ ಕ್ಲಬ್ಬಿನಲ್ಲಿ ಎಳೆಯರ ತಂಡ ಕಟ್ಟಿದವನು. ಒಳ್ಳೆಯವನು, ತಾಳ್ಮೆಯವನು. ಬಾಯಿ ತೆರೆದಳು. ಅಷ್ಟರಲ್ಲಿ, ಗೇಟಿಗೆ ಜೋತುಬಿದ್ದು ಕಾಯುತ್ತಿದ್ದ ಆ ಸಂಜೆ ಕಣ್ಣ ಮುಂದೆ ಬಂತು.

"ಸಾರ್, ಅಪ್ಪನನ್ನೂ ಹೀಗೇ ಕೇಳ್ತಿದ್ರಾ?"

"ಪ್ರತಿ ಸಲ!" ಅಧ್ಯಕ್ಷರಿಗೆ ಒಂಥರಾ ಹುಮ್ಮಸ್ಸೇ ಬಂತು. "ಇದು ನನ್ನ ಪದ್ಧತಿ ಕಣಮ್ಮ. ಅರ್ಜಿ, ಸರ್ಟಿಫಿಕೇಟು ಎಲ್ಲ ಯಾರು ಬೇಕಾದ್ರೂ ತರ್ತಾರೆ. ನಾನು ಇಷ್ಟೇ ಕೇಳೋದು, ಯಾರನ್ನ ತಗೊಳ್ಳೋಣ ಅಂತ. ಹೊಟ್ಟೆಯಲ್ಲಿ ಬೆಂಕಿ ಇರೋನು 'ನನ್ನನ್ನೇ' ಅಂತಾನೆ. ನಿಮ್ಮಪ್ಪ ಒಂದು ಸಲವೂ ಅನ್ನಲಿಲ್ಲ. ನಾಲ್ಕು ಸಲ ನಾಲ್ಕು ಹೆಸರು ಹೇಳಿದ. ಒಳ್ಳೆ ಹೆಸರುಗಳೇ, ಅವನು ಹೇಳಿದವರನ್ನೇ ತಗೊಂಡೆ. ಬೇಡ ಅನ್ನೋನಿಗೆ ಬಲವಂತ ಮಾಡೋಕಾಗುತ್ತಾ?"

ಅವಳು ಅವರ ಮುಖವನ್ನೇ ನೋಡಿದಳು. ಸತ್ತವರು ಎದ್ದು ಬಂದು ಅಲ್ಲವೆನ್ನುವುದಿಲ್ಲ. ಎಷ್ಟು ಸಲೀಸಾದ ಮಾತು!

"ನೀರು ತರ್ತೀನಿ ಸಾರ್," ಎಂದು ಅಡುಗೆಮನೆಗೆ ಹೋದಳು.

ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ತೊಳೆಯುವ ತೊಟ್ಟಿಯ ಬಳಿ, ಕೋಟು ಬಿಚ್ಚಿ ಬಾಗಿಲಿಗೆ ನೇತುಹಾಕಿ, ಇಸ್ತ್ರಿ ಎಂಜಲು ಲೋಟಗಳನ್ನು ತೊಳೆಯುತ್ತಿದ್ದ. ಅವಳನ್ನು ಕಂಡು, "ಲೋಟ ಸಾಲ್ತಿರಲಿಲ್ಲ, ಅದಕ್ಕೆ..." ಎಂದು ತೊಳೆದವನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಹೋದ. ಅವನ ಅಂಗಿಯ ಕಾಲರ್ ಸವೆದು ನೂಲು ಬಿಟ್ಟಿತ್ತು.

"ಅಮ್ಮ, ಕ್ಲಬ್ಬಿಗೆ ಯಾರನ್ನ ತಗೊಳ್ಳೋಣ ಅಂತ ಅಪ್ಪನ್ನ ಕೇಳ್ತಿದ್ರಂತೆ. ಅಪ್ಪ ಬೇರೆಯವರ ಹೆಸರು ಹೇಳಿ ಬರ್ತಿದ್ರಂತೆ. ನಿಜವಾ?"

"ನಿಜ."

"ನಿಂಗೆ ಗೊತ್ತಿತ್ತಾ?"

"ನಾನೇ ಒಂದು ಸಲ ಅಂದೆ, ನಿಮ್ಮ ಹೆಸರೇ ಹೇಳಬಾರದಿತ್ತಾ ಅಂತ." ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಅದಕ್ಕೆ ಅವರು, 'ಯಾರು ಒಳ್ಳೆಯವರು ಅಂತ ಕೇಳಿದರೆ ನಾನೇ ಅಂತ ಯಾರಾದ್ರೂ ಹೇಳ್ತಾರೇನೇ? ನಾಚಿಕೆಯಾಗಲ್ವಾ? ಅವರಿಗೆ ನಾನು ಬೇಕಿದ್ದರೆ ಈ ಕೆಲಸ ನಿನಗೆ ಬೇಕಾ ಅಂತಲೇ ಕೇಳ್ತಿದ್ರು' ಅಂದ್ರು. ಕಾಯ್ತಿದ್ರು ಪಾಪ. ಆ ಪ್ರಶ್ನೆ ಯಾವಾಗಲಾದ್ರೂ ಬರುತ್ತೆ ಅಂತ."

"ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳ್ತಿದ್ದದ್ದು ಯಾರು ಅಡ್ಡ ಬಂದ್ರು ಅಂತ. ಅಡ್ಡ ಯಾರೂ ಬಂದಿರಲಿಲ್ಲವಲ್ಲ, ಏನಂತ ಹೇಳಲಿ?"

ಅವಳು ನೀರು ತುಂಬಿಕೊಂಡಳು. ಲೋಟ ತುಳುಕಿ ಕೈ ತೊಯ್ದಿತು. ಇಷ್ಟು ವರ್ಷ ಒಬ್ಬ ಕಳ್ಳನನ್ನು ಹುಡುಕಿದ್ದಳು, ಕಳ್ಳನಿರಲೇ ಇಲ್ಲ. ಇದ್ದದ್ದು ಒಂದು ಮರ್ಯಾದೆ, ಒಂದು ಪದ್ಧತಿ. ಎರಡೂ ಎದುರುಬದುರು ಕೂತು, ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಎದ್ದು ಹೋಗಿದ್ದವು.

ಕೋಣೆಗೆ ಬಂದು ನೀರು ಕೊಟ್ಟಳು.

"ಅದು ಪರೀಕ್ಷೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ ಸಾರ್."

ಅಧ್ಯಕ್ಷರು ಕುಡಿಯಲು ಎತ್ತಿದ ಲೋಟವನ್ನು ಹಾಗೇ ಹಿಡಿದುಕೊಂಡರು.

"ನೀವು ಕೇಳಿದ್ದಕ್ಕೆ ಉತ್ತರ ಹೇಳ್ತೀನಿ," ಎಂದಳು. ಕಿವಿ ಬಿಸಿಯಾಗಿತ್ತು, ಅಪ್ಪನ ಆ ನಾಚಿಕೆ ಅವಳ ರಕ್ತದಲ್ಲೂ ಇತ್ತು. "ನನ್ನನ್ನ ತಗೊಳ್ಳಿ. ಹಂಗಾಮಿಯಾಗಿ ಅಲ್ಲ."

ಅವರು ಲೋಟವನ್ನು ಕೆಳಗಿಟ್ಟರು. "ಹೆಣ್ಣುಮಗಳು ಅಂತ ಸಮಿತಿಯಲ್ಲಿ ಒಬ್ಬಿಬ್ಬರು ಗೊಣಗ್ತಾರೆ. ಗೊಣಗಲಿ. ಆಯ್ತು."

"ಸಮಿತಿಯವರು ಹೊರಗೇ ಇದ್ದಾರೆ ಸಾರ್. ಅವರೆದುರಿಗೆ ಹೇಳಿಬಿಡಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ ಸಾರ್," ಎಂದಳು ಮೆಲ್ಲಗೆ.

ಅವರು ನಗುತ್ತಾರೋ ಸಿಟ್ಟಾಗುತ್ತಾರೋ ತಿಳಿಯಲಿಲ್ಲ. ಗೋಡೆ ಹಿಡಿದು ಎದ್ದರು. ಬಾಗಿಲ ಬಳಿ ನಿಂತು ತಿರುಗಿ, "ಇದನ್ನೇ ನಿಮ್ಮಪ್ಪ ಒಂದು ಸಲ ಅಂದಿದ್ರೆ..." ಎಂದರು. ಮತ್ತೆ ಏನೋ ನೆನಪಾದವರಂತೆ, "ಕಳೆದ ವಾರ ಕಂಬನಿಗೆ ಕೆಲಸ ಬಿಡಿಸ್ತೀವಿ ಅಂತ ಹೇಳಿ, ಅವನನ್ನೂ ಕೇಳಿದ್ದೆ, ಅವನ ಜಾಗಕ್ಕೆ ಯಾರು ಅಂತ. ನಿನ್ನ ಹೆಸರು ಹೇಳ್ತಿದ್ದ. ಅಷ್ಟರಲ್ಲಿ ನೀನೇ ಬಾಗಿಲು ತಳ್ಳಿಕೊಂಡು ಬಂದೆ," ಎಂದರು.

ಅಂಗಳಕ್ಕೆ ಹೋಗಿ ನಾಲ್ಕು ಜನರೆದುರು ಹೇಳಿದರು. ಜರ್ಸಿ ಮಾವ ತೊಡೆ ತಟ್ಟಿದವನು, ಇದು ಯಾವ ಮನೆ ಎಂದು ನೆನಪಾಗಿ, ಆ ಕೈಯಲ್ಲೇ ಮೂಗು ಒರೆಸಿಕೊಂಡ. ಇಸ್ತ್ರಿ ಕೋಟು ತೊಟ್ಟು, ಒಂದೊಂದೇ ಕುರ್ಚಿ ಮಡಚಿ ಪಕ್ಕದ ಮನೆಯ ಗೋಡೆಗೆ ಒರಗಿಸತೊಡಗಿದ.

ಅವಳು ಅಲ್ಲಿ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಆಗಲೇ ಡಬ್ಬಿಯ ಕೊಂಡಿ ಹಾಕುತ್ತಿದ್ದಳು. ಮೇಲಿನ ಮುಚ್ಚಳದಲ್ಲಿ ಹಳೆಯ ತಗ್ಗು, ಕೆಳಗೆ ಅನ್ನದ ಬಿಸಿ.

"ಯಾರಿಗಮ್ಮ?"

"ನಿಂಗೆ ಗೊತ್ತಿಲ್ವಾ?" ಎಂದಳು ಅಮ್ಮ. "ಮೊನ್ನೆಯೇ ಕೊಡಬೇಕಿತ್ತು. ನಿಮ್ಮಪ್ಪನಿಗೆ ಏಳೋಕೆ ಆಗಲಿಲ್ಲ."

ಬಾಗಿಲ ಪಕ್ಕ ಗೋಡೆಗೆ ಅಂಟಿದಂತೆ ಕಪ್ಪು ಶೂಗಳು ಹೊಳೆಯುತ್ತಿದ್ದವು. ಅವಳು ಅವನ್ನು ದಾಟಿ, ಬರಿಗಾಲಲ್ಲೇ ಅಂಗಳ ದಾಟಿದಳು. ಜನ ಅವಳಿಗೆ ದಾರಿ ಬಿಟ್ಟರು. ಅವಳು ಎಲ್ಲಿಗೆ ಹೋಗುತ್ತಿದ್ದಾಳೆಂದು ಕಂಡಮೇಲೆ ಒಬ್ಬಿಬ್ಬರು ಮೊದಲ ಸಲ ಗೇಟಿನ ಕಡೆ ತಲೆ ಎತ್ತಿ ನೋಡಿದರು.

ಕಂಬ ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ಮತ್ತೆ ಬಂದು ನಿಂತಿದ್ದ.

"ಮನೇಲಿ ಹೇಳಿದ್ರಾ?" ಎಂದು ಕೇಳಿದಳು.

ಅವನು ತಲೆಯಾಡಿಸಿದ, ಇಲ್ಲವೆಂದು. ಮೊನ್ನೆಯಿಂದ ದಿನಾ ಬೆಳಿಗ್ಗೆ ಕ್ಲಬ್ಬಿಗೆಂದೇ ಹೊರಟು ಬರುತ್ತಿದ್ದನೇನೋ. ಕತ್ತಿನಲ್ಲಿ ಸೀಟಿಯ ದಾರ ಹಾಗೇ ಇತ್ತು.

ಅವಳು ಡಬ್ಬಿ ಮುಂದೆ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ, ದೂರದಿಂದ ಬಂದ ಚೆಂಡನ್ನು ಹಿಡಿಯುವ ಹಾಗೆ, ಎದೆಗೆ ಅವಚಿಕೊಂಡ.