ಮಬ್ರೂಕಾ ತೆರೆದ ಬಾಗಿಲು

"ನನ್ನ ತಮ್ಮನನ್ನ ಗೂಡಲ್ಲಿಟ್ಟು ಕೊಂದ್ಲು ಇವಳು!" ಎಂದು ಎದೆ ಬಡಿದುಕೊಳ್ಳುತ್ತ ಲತೀಫಾ ಒಳಗೆ ನುಗ್ಗಿದಾಗ, ಮಬ್ರೂಕಾ ಗಂಡನ ಮುಖದ ಮೇಲೆ ಕಫನ್ ಬಟ್ಟೆ ಎಳೆಯುತ್ತಿದ್ದಳು. ಹೊರಗೆ ಸ್ಫಾಕ್ಸ್ ಊರಿನ ಬಿಸಿಲಿನಲ್ಲಿ ಗಂಡಸರು ಹೆಣ ಹೊರಲು ಕಾಯುತ್ತಿದ್ದರು.

"ಮೂರು ವರ್ಷ! ಕಾಯಿಲೆಯವರನ್ನ ನೋಡೋದು ಪುಣ್ಯ ಅಂತಾರೆ. ಇವಳು ಒಡಹುಟ್ಟಿದ ಅಕ್ಕನಿಗೇ ಬಾಗಿಲು ಹಾಕಿದ್ಲು," ಎಂದು ಲತೀಫಾ ಕೆಮ್ಮಿದಳು. ಹಬ್ಬಕ್ಕೆ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ.

"ನಾನು ಸಾರು ತಂದ್ರೆ ಪಾತ್ರೇನ ಹೊಸ್ತಿಲಲ್ಲೇ ಇಸ್ಕೊಂಡ್ಲು," ಎಂದು ಪಕ್ಕದ ಮನೆಯ ಝೊಹ್ರಾ ದನಿಗೂಡಿಸಿದಳು. "ನಮಗೇನು ಕುಷ್ಠ ಬಂದಿತ್ತಾ?"

ಮಬ್ರೂಕಾಳಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಇನ್ನು ಇದೇ ಬೀದಿಯಲ್ಲಿ, ಇದೇ ಹೆಂಗಸರ ನಡುವೆ, ಗಂಡನನ್ನು ಕೊಂದವಳು ಅನ್ನಿಸಿಕೊಂಡೇ ಬಾಳಬೇಕು.

*

ಅವಳ ಗಂಡ ತೈಯಬ್ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಮೈತುಂಬ ಡೀಸೆಲ್ ವಾಸನೆ, ಬಾಯಿತುಂಬ ತಮಾಷೆ. ರಕ್ತದ ಕ್ಯಾನ್ಸರ್, ಆದರೆ ನಿಧಾನದ್ದು ಎಂದಿದ್ದರು ಡಾಕ್ಟರು. "ರೋಗ ತಡೆಯೋ ಬಿಳಿ ಕಣ ನಿಮ್ಮಲ್ಲಿ ಹತ್ತು ಪಾಲು ಹೆಚ್ಚಿದೆ. ಆದರೆ ಯಾವುದೂ ನೆಟ್ಟಗೆ ಕೆಲಸ ಮಾಡ್ತಿಲ್ಲ. ಇನ್ನೊಬ್ಬರ ನೆಗಡಿಯೂ ನಿಮ್ಮ ಜೀವ ತೆಗೀಬಹುದು."

"ಥೇಟ್ ನಮ್ಮ ಡಿಪೋ ಅನ್ನಿ," ಎಂದು ತೈಯಬ್ ನಕ್ಕಿದ್ದ. "ಹಾಜರಿ ಪುಸ್ತಕದ ತುಂಬ ಹೆಸರು, ಸ್ಪಾನರ್ ಹಿಡಿಯೋಕೆ ಒಬ್ಬನೂ ಇಲ್ಲ."

ಅಂದಿನಿಂದ ಮಬ್ರೂಕಾ ಬಾಗಿಲು ಕಾದಳು. ನೋಡಿದರೆ ಅವನಿಗೆ ಕಾಯಿಲೆಯೆಂದು ಯಾರೂ ಹೇಳುವಂತಿರಲಿಲ್ಲ. "ಗುಂಡುಕಲ್ಲಿನ ಹಾಗಿದ್ದಾನೆ, ಎಲ್ಲ ಇವಳ ನಾಟಕ," ಎಂದು ಬೀದಿ ಆಡಿಕೊಂಡಿತು.

ಮೂರು ವಾರದ ಹಿಂದೆ, ಹಬ್ಬದ ಬೆಳಿಗ್ಗೆ, ಲತೀಫಾ ಬೀದಿಯಲ್ಲಿ ನಿಂತು ನಾಲ್ಕು ಮನೆಗೆ ಕೇಳುವಂತೆ ಶಾಪ ಹಾಕಿದಳು. ಶಾಪದ ನಡುನಡುವೆ ಕೆಮ್ಮು. ಅದು ಮಬ್ರೂಕಾಳಿಗೆ ಕೇಳಿಸಿತ್ತು. ಕೇಳಿಸಿಯೂ, ಜನರ ಬಾಯಿಗೆ ಸೋತು, ಚಿಲಕ ತೆಗೆದಳು. ಅಕ್ಕ ತಮ್ಮನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟಳು.

"ನೋಡಿದ್ಯಾ, ಸತ್ತೋದ್ನಾ?" ಎಂದು ಮಬ್ರೂಕಾಳನ್ನು ಚುಚ್ಚಿದಳು.

ಐದನೆಯ ದಿನ ತೈಯಬನಿಗೆ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಹೋದವನು ಹೆಣವಾಗಿ ಬಂದ.

*

"ಹೊತ್ತಾಯ್ತು, ಬೇಗ," ಎಂದು ಹೊರಗಿನಿಂದ ಯಾರೋ ಕೂಗಿದರು.

"ಸರಿ ಆಚೆ," ಎಂದು ಲತೀಫಾ ಮಬ್ರೂಕಾಳ ಭುಜ ತಳ್ಳಿದಳು. "ಈಗಲಾದ್ರೂ ಮುತ್ತಿಡೋಕೆ ಬಿಡ್ತೀಯೋ ಇಲ್ವೋ?"

ಮಬ್ರೂಕಾ ತಾನೇ ಬಟ್ಟೆಯ ಅಂಚು ಎತ್ತಿ ಹಿಡಿದಳು. ಲತೀಫಾ ಬಗ್ಗಿದಾಗ ಅವಳಿಗಷ್ಟೇ ಕೇಳುವಂತೆ ಹೇಳಿದಳು: "ಇಡಿ ಲತೀಫಕ್ಕಾ. ಹಬ್ಬದ ದಿನ ಇಟ್ಟ ಹಾಗೇ ಇಡಿ. ಎಷ್ಟು ಬೇಕಾದ್ರೂ ಕೆಮ್ಮಿ, ಇನ್ನು ಇವರಿಗೇನೂ ಅಂಟಲ್ಲ. ಕೆಮ್ಮಿದ್ದು ನೀವು, ಬಾಗಿಲು ತೆಗೆದದ್ದು ನಾನು."

ತಮ್ಮನ ಹಣೆಗೆ ಗೇಣು ದೂರದಲ್ಲಿ ಲತೀಫಾಳ ತುಟಿ ನಿಂತುಬಿಟ್ಟಿತು. ಗಂಟಲಿಗೆ ಕೆಮ್ಮು ಏರಿ ಬಂತು. ಅವಳು ಎರಡೂ ಅಂಗೈಯಿಂದ ಬಾಯಿ ಒತ್ತಿ ಹಿಡಿದಳು. ಕಣ್ಣು ಕೆಂಪೇರಿ ನೀರು ಸುರಿಯಿತು, ಭುಜಗಳು ಅದುರಿದವು.

"ಅಯ್ಯೋ ಪಾಪ, ತಡ್ಕೋಬೇಡ ಲತೀಫಾ, ಅತ್ತುಬಿಡು," ಎಂದು ಝೊಹ್ರಾ ಅವಳ ಬೆನ್ನು ಸವರತೊಡಗಿದಳು.

ಮಬ್ರೂಕಾ ಬಟ್ಟೆಯ ಅಂಚನ್ನು ಎತ್ತಿ ಹಿಡಿದೇ ಇದ್ದಳು.